ಸೆಲ್ಲೊ ಮತ್ತು ಪಿಯಾನೊ: ಜೋಡಿ ಕಛೇರಿಯನ್ನು ಕೇಳುವ ಬಗೆ

ಸಾಲಿಗ್ರಾಮವನ್ನು ಬಿಟ್ಟು ಮೇಲಣ ವ್ಯಾಸಂಗಕ್ಕಾಗಿ ಪಟ್ಟಣಕ್ಕೆ ಹೋಗುವ ನಮ್ಮ ಬಾಲಕಿಯರಿಗೆ ವಿಶ್ವವಿದ್ಯಾನಿಲಯದ ಸಭಾಭವನದಲ್ಲಿ ಪಾಶ್ಚಾತ್ಯ ಸಂಗೀತವನ್ನು ಕೇಳುವ ಸಂದರ್ಭವು ಎಂದಾದರೂ ಒದಗುವುದು. ಅಲ್ಲಿ ಹಾಡುವವರಿಲ್ಲ, ಮೃದಂಗವಿಲ್ಲ. ವೇದಿಕೆಯ ಮೇಲೆ ಇಬ್ಬರೇ. ಇದನ್ನು ಹೇಗೆ ಕೇಳಬೇಕೆಂದು ಹಳೆಯ ವಿದ್ಯಾರ್ಥಿನಿಯರು ವಿಚಾರಿಸುವುದುಂಟು. ಇದು ನಮ್ಮ ಹೆಣ್ಣುಮಕ್ಕಳಿಗೆ ಏತಕ್ಕೆಂದು ತಂದೆತಾಯಿಗಳು ವಿಚಾರಿಸುವುದೂ ಉಂಟು.

ಸೆಲ್ಲೊ ಎಂಬುದು ಪಿಟೀಲಿನ ವಂಶದ ದೊಡ್ಡ ವಾದ್ಯ. ನುಡಿಸುವವರು ಕುರ್ಚಿಯ ಮೇಲೆ ಕುಳಿತು ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳುವರು. ತಂತಿಗಳು ನಾಲ್ಕು, ಒಂದೊಂದೂ ತನ್ನ ಕೆಳಗಿನದಕ್ಕೆ ಪಂಚಮ. ವೀಣೆಯಲ್ಲಿರುವಂತೆ ಮೆಟ್ಟುಗಳಿಲ್ಲವಾದುದರಿಂದ ಸ್ವರಸ್ಥಾನವನ್ನು ಬೆರಳೇ ಅರಿತಿರಬೇಕು. ಕೆಳಗಿನ ತಂತಿಯಲ್ಲಿ ಪುರುಷನ ಮಂದ್ರ ಕಂಠವೂ ಮೇಲಿನದರಲ್ಲಿ ಸ್ತ್ರೀಯ ಕಂಠವೂ ಕೇಳಬರುವುವು. ಪಿಯಾನೊದಲ್ಲಿಯಾದರೋ 88 ಕೀಲಿಗಳು. ಒತ್ತಿದೊಡನೆ ಒಳಗಿನ ಸುತ್ತಿಗೆಯು ತಂತಿಯನ್ನು ಬಡಿಯುವುದು. ಬಡಿದ ಕ್ಷಣದಿಂದಲೇ ಆ ನಾದ ಕುಗ್ಗತೊಡಗುವುದು. ಅದನ್ನು ಹಿಗ್ಗಿಸಲು ಯಾರಿಂದಲೂ ಆಗದು. ಸೆಲ್ಲೊದ ಕಮಾನು ಒಂದೇ ಸ್ವರವನ್ನು ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು. ಆದರೆ ಹತ್ತು ಬೆರಳಿನಿಂದ ಹತ್ತು ಸ್ವರಗಳನ್ನು ಕೂಡಿಸುವ ಶಕ್ತಿ ಅದಕ್ಕಿಲ್ಲ. ಒಂದಕ್ಕಿಲ್ಲದ್ದು ಮತ್ತೊಂದಕ್ಕಿದೆ.

ನಮ್ಮ ಕಛೇರಿಗೆ ಒಗ್ಗಿದ ಕಿವಿಯು ಇಲ್ಲಿ ಪ್ರಧಾನರಾರು, ಪಕ್ಕವಾದ್ಯದವರಾರು ಎಂದು ಹುಡುಕುವುದು ಸಹಜ. ಪಿಯಾನೊದವರನ್ನು ಬರಿಯ ಪಕ್ಕವಾದ್ಯದವರೆಂದೆಣಿಸಿದರೆ ಕಛೇರಿಯ ಅರ್ಧ ಭಾಗವೇ ಕೇಳದೆ ಹೋಗುವುದು. ಹಿಂದೆ ಇಂಥ ಕೃತಿಗಳಲ್ಲಿ ಮಂದ್ರದ ಸ್ವರಗಳನ್ನೂ ಕೆಲವು ಅಂಕೆಗಳನ್ನೂ ಮಾತ್ರ ಬರೆದುಕೊಟ್ಟು, ಉಳಿದುದನ್ನು ಕೀಲಿವಾದ್ಯದವರು ತಾವೇ ತುಂಬಿಕೊಳ್ಳುವಂತೆ ಬಿಡುವ ವಾಡಿಕೆಯಿತ್ತು. ಜರ್ಮನಿಯ ಬೇಥೋವನನು 1796ರಲ್ಲಿ ರಚಿಸಿದ ಎರಡು ಸೊನಾಟಾಗಳಲ್ಲಿ ಪಿಯಾನೊದ ಪಾಲನ್ನು ಪೂರ್ತಿಯಾಗಿ ಬರೆದನು. 1808ರಲ್ಲಿ ಮುಗಿಸಿದ ಮೂರನೆಯ ಸೊನಾಟಾದ ಆರಂಭವನ್ನು ಗಮನವಿಟ್ಟು ಕೇಳಿರಿ. ಸೆಲ್ಲೊ ಒಂಟಿಯಾಗಿ, ಮೆಲ್ಲಗೆ, ಮಂದ್ರದಲ್ಲಿ ಮಾತೆತ್ತುವುದು. ಪಿಯಾನೊ ಆ ಮಾತನ್ನು ಮುಂದುವರಿಸಿ ಮುಗಿಸುವುದು. ಮರುಸಲ ಪಿಯಾನೊ ಮೊದಲಾಗುವುದು, ಕೊನೆಯ ಅಲಂಕಾರ ಸೆಲ್ಲೊಗೆ ಬರುವುದು. ಒಬ್ಬರೇ ಪ್ರಧಾನರಾಗಿದ್ದರೆ ಈ ಸರದಿ ಏತಕ್ಕೆ?

ನಮ್ಮ ಪ್ರಾರ್ಥನೆಯ ಹೊತ್ತಿನಲ್ಲಿ ಹಾರ್ಮೋನಿಯಂ ಹಿಂದೆ ಕುಳಿತ ಹುಡುಗಿಯನ್ನು ಯಾರೂ ನೋಡರು. ಹಾಡಿದವಳಿಗೆ ಮಾತ್ರ ಮೆಚ್ಚುಗೆ. ಆ ಹುಡುಗಿಯರಿಗೂ ಅವರ ತಾಯಂದಿರಿಗೂ ಈ ಸೊನಾಟಾವನ್ನು ಕೇಳಿಸಬೇಕೆಂಬುದು ನಮ್ಮ ಬಹುದಿನದ ಬಯಕೆ.

ಇನ್ನು ಹೆಣ್ಣುಮಕ್ಕಳ ಮಾತು. ಸೆಲ್ಲೊವನ್ನು ಕಾಲುಗಳ ನಡುವೆ ಹಿಡಿಯುವುದು ಮರ್ಯಾದಸ್ಥ ಸ್ತ್ರೀಗೆ ತಕ್ಕುದಲ್ಲವೆಂದು ಯೂರೋಪಿನಲ್ಲಿಯೇ ಬಹುಕಾಲ ಹೇಳುತ್ತಿದ್ದರು; ಕೆಲವರು ಓರೆಯಾಗಿ ಕುಳಿತು ನುಡಿಸಬೇಕಾಯಿತು. ಹಾಗಿದ್ದರೂ ಪ್ಯಾರಿಸಿನ ಲೀಸ್ ಕ್ರಿಸ್ತಿಯಾನಿ ಎಂಬಾಕೆ 1845ರಲ್ಲಿಯೇ ಸಭೆಯೆದುರು ನುಡಿಸಿ ಖ್ಯಾತಿ ಪಡೆದಳು. ಮೆಂಡೆಲ್ಸನ್ನನು ಸೆಲ್ಲೊ ಪಿಯಾನೊಗಳಿಗೆಂದು ಬರೆದ ಪುಟ್ಟ ಕೃತಿಯೊಂದನ್ನು ಆಕೆಗೆ ಅರ್ಪಿಸಿದನು. ಆಕೆ ಸೈಬೀರಿಯದವರೆಗೂ ವಾದ್ಯವನ್ನು ಹೊತ್ತು ಸಂಚರಿಸಿ 1853ರಲ್ಲಿ ಎಳೆವಯಸ್ಸಿನಲ್ಲಿಯೇ ತೀರಿಕೊಂಡಳು. ಹುಡುಗಿಯರು ವೇದಿಕೆಯೇರಬಾರದೆನ್ನುವ ಹಿರಿಯರು ನಮ್ಮೂರುಗಳಲ್ಲಿ ಮಾತ್ರವೇ ಇದ್ದರೆಂದು ತಿಳಿಯಬೇಡಿರಿ.

ಈ ಸಂಗೀತವು ಮೈಸೂರಿಗೆ ಪರಕೀಯವೂ ಅಲ್ಲ. ಶ್ರೀ ಜಯಚಾಮರಾಜ ಒಡೆಯರವರು ಸ್ವತಃ ಪಿಯಾನೊ ಬಲ್ಲವರಾಗಿದ್ದರು. ರಷ್ಯದ ಮೆಡ್ಟ್ನರನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಧನಸಹಾಯವಿತ್ತವರು ಅವರೇ. ಆತನು ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದನು. ಕನ್ನಡನಾಡಿನ ಅರಸರು ತ್ಯಾಗರಾಜರ ಕೃತಿಗಳನ್ನೂ ಇದನ್ನೂ ಒಂದೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂಬುದನ್ನು ತಂದೆತಾಯಿಗಳು ನೆನೆಯಬೇಕು.

ಸಭೆಯಲ್ಲಿ ಕೆಲವು ವಿಷಯಗಳನ್ನು ಗಮನಿಸಿರಿ. ಪಿಯಾನೊದ ಶ್ರುತಿಯನ್ನು ಆ ಕ್ಷಣದಲ್ಲಿ ಬದಲಿಸಲಾಗದು. ಆದಕಾರಣ ಸೆಲ್ಲೊದವರು ಪಿಯಾನೊದಿಂದ ಒಂದು ಸ್ವರವನ್ನು ಪಡೆದು, ನಾವು ತಂಬೂರಿಗೆ ಹೊಂದಿಸುವಂತೆ, ತಮ್ಮ ತಂತಿಯನ್ನು ಹೊಂದಿಸಿಕೊಳ್ಳುವರು. ಪಿಯಾನೊದ ಮುಚ್ಚಳ ಎಷ್ಟು ತೆರೆದಿದೆಯೆಂದು ನೋಡಿರಿ. ಎರಡರ ಧ್ವನಿ ಸಮತೂಕವಾಗಿರುವುದಕ್ಕೆ ಅದೂ ಒಂದು ಉಪಾಯ. ಒಂದು ಸೊನಾಟಾದಲ್ಲಿ ಎರಡೋ ಮೂರೋ ನಾಲ್ಕೋ ಭಾಗಗಳಿರುವುವು. ನಡುವೆ ಚಪ್ಪಾಳೆ ತಟ್ಟುವ, ಭಲೇ ಎನ್ನುವ, ತೊಡೆಯ ಮೇಲೆ ತಾಳ ಹಾಕುವ ರೂಢಿ ಅಲ್ಲಿಲ್ಲ. ಇದು ನಮ್ಮವರಿಗೆ ಕಷ್ಟವೇ. ಕೊನೆಯ ಸ್ವರ ಅಡಗಿ, ಕಮಾನು ಕೆಳಗಿಳಿದು, ಪಿಯಾನೊದವರ ಕೈಗಳು ಕೀಲಿಗಳನ್ನು ಬಿಟ್ಟ ಮೇಲೆ ಇಬ್ಬರಿಗೂ ಸೇರಿಸಿ ಕೈತಟ್ಟಿರಿ.