ನಿಂತ ಕಾರಿನ ಖರ್ಚು

2025ರ ಆಗಸ್ಟ್ 10ರಂದು ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. ನಮ್ಮ ಮನೆ ಇರುವುದು ಬನಶಂಕರಿಯಲ್ಲಿ, ಹಸಿರು ಮಾರ್ಗದ ಮಗ್ಗುಲಲ್ಲೇ. ಯಜಮಾನರ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2017ರಲ್ಲಿ ನಾವು ಕಾರು ಕೊಂಡಿದ್ದೇ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಅವರು ಅಲ್ಲಿಗೆ ಹೋಗಿ ಬರಲಿ ಅಂತ. ಹೊಸ ಮಾರ್ಗದಲ್ಲಿ ಮೊದಮೊದಲು 25 ನಿಮಿಷಕ್ಕೊಂದು ರೈಲು ಬರುತ್ತಿದ್ದಾಗಲೂ ಅವರು ಅದನ್ನೇ ಹಿಡಿದರು. ಸಿಗ್ನಲ್ಲುಗಳಲ್ಲಿ ಕ್ಲಚ್ ತುಳಿದು ತುಳಿದು ಬರುತ್ತಿದ್ದ ಎಡಮೊಣಕಾಲಿನ ನೋವು ಅಲ್ಲಿಗೆ ನಿಂತಿತು. ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ಹಿಡಿಯತೊಡಗಿತು. ಅದು ಯಾವ ಕೆಲಸಕ್ಕೆ ಮನೆಗೆ ಬಂದಿತ್ತೋ ಆ ಕೆಲಸ ಮುಗಿದಿತ್ತು.

ಇನ್ನು ಈ ಕಾರು ನಮಗೆ ಬೇಕೇ ಎಂದು ನಾನು ಕೇಳಿದೆ. ಸಾಲ ಪೂರ್ತಿ ತೀರಿದೆ, ಒಂದು ಕಡೆ ನಿಂತಿರಲಿ ಬಿಡು, ಅದೇನು ಅನ್ನ ಕೇಳುತ್ತದೆಯೇ ಎಂದರು ಯಜಮಾನರು. ಮಗಳೂ ಅದನ್ನೇ ಹೇಳಿದಳು. ತಿಂಗಳ ಕಂತು ನಿಂತ ದಿನದಿಂದ ಕಾರು ಪುಕ್ಕಟೆಯಾಯಿತು ಎಂಬ ಭಾವನೆ ಎಷ್ಟೋ ಮನೆಗಳಲ್ಲಿ ಇದೆ. ನಿಂತ ಕಾರೂ ದುಡ್ಡು ತಿನ್ನುತ್ತದೆ. ಎಷ್ಟು ತಿನ್ನುತ್ತದೆ ಅನ್ನುವುದನ್ನು ನಾನು ಕೂತು ಬರೆದೆ.

ಮೊದಲು ಬಿಟ್ಟುಬಿಡಬೇಕಾದದ್ದು ಕೊಂಡ ಬೆಲೆ. ಶೋರೂಮಿಗೆ ಕೊಟ್ಟದ್ದು, ರಿಜಿಸ್ಟ್ರೇಷನ್ನಿಗೆ ಕಟ್ಟಿದ ಆಜೀವ ತೆರಿಗೆ, ಎಲ್ಲ ಹೋದ ದುಡ್ಡು. ಕಾರು ಇಟ್ಟುಕೊಂಡರೂ ಮಾರಿದರೂ ಅದು ವಾಪಸು ಬರುವುದಿಲ್ಲ. ಇವತ್ತು ಮಾರಿದರೆ ಎಷ್ಟು ಬರುತ್ತದೆ ಎಂಬುದಷ್ಟೇ ಲೆಕ್ಕ. ನಮ್ಮ 1,200 ಸಿಸಿ ಕಾರಿಗೆ ವಿಚಾರಿಸಿದ ಕಡೆಗಳಲ್ಲೆಲ್ಲ ಮೂರು ಲಕ್ಷದ ಆಸುಪಾಸು ಹೇಳಿದರು. ಆ ಮೂರು ಲಕ್ಷವನ್ನು ಶೇ 6.5ರ ಠೇವಣಿಯಲ್ಲಿ ಇಟ್ಟರೆ ವರ್ಷಕ್ಕೆ 19,500 ರೂಪಾಯಿ ಬಡ್ಡಿ. ಇಡದಿದ್ದರೆ ಆ ಬಡ್ಡಿ ನಷ್ಟ. ಇನ್ನೊಂದು ವರ್ಷ ಕಳೆದರೆ ಅದೇ ಕಾರಿಗೆ 2,65,000 ಬಂದರೆ ಹೆಚ್ಚು, ಅಂದರೆ ಬೆಲೆಯಲ್ಲಿ 35,000 ಇಳಿತ. ವಿಮೆ 11,000. ಅದರೊಳಗೆ ಕಾನೂನಿನ ಪ್ರಕಾರ ಕಡ್ಡಾಯವಾದ ಥರ್ಡ್ ಪಾರ್ಟಿ ಭಾಗವೂ ಇದೆ. 1,000ದಿಂದ 1,500 ಸಿಸಿ ಕಾರುಗಳಿಗೆ 2022ರ ಜೂನ್‌ನಲ್ಲಿ ಗೊತ್ತುಮಾಡಿದ ಆ ದರ 3,416 ರೂಪಾಯಿ, ಜಿಎಸ್‌ಟಿ ಬೇರೆ. ಕಾರು ಓಡಲಿ ಬಿಡಲಿ ಇದನ್ನು ಕಟ್ಟಬೇಕು. ಸರ್ವಿಸ್ 9,000. ಟೈರು ಮತ್ತು ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬರುವ ಖರ್ಚಾದ್ದರಿಂದ ವರ್ಷದ ಪಾಲು 6,000 ಅಂತ ಹಿಡಿದೆ. ಎಲ್ಲ ಕೂಡಿಸಿದರೆ 80,500. ಒಂದು ಹನಿ ಪೆಟ್ರೋಲ್ ಹಾಕಿಸುವ ಮೊದಲೇ ತಿಂಗಳಿಗೆ 6,700 ರೂಪಾಯಿ!

ಇನ್ನು ಪೆಟ್ರೋಲ್. ಮೆಟ್ರೊ ಬಂದ ಮೇಲೆ ನಮ್ಮ ಓಡಾಟ ವರ್ಷಕ್ಕೆ 3,600 ಕಿಲೋಮೀಟರ್ ಆದೀತು. ಊರೊಳಗೆ ಲೀಟರಿಗೆ 15 ಕಿಲೋಮೀಟರ್ ಮೈಲೇಜ್, ಲೀಟರಿಗೆ 102 ರೂಪಾಯಿ ಚಿಲ್ಲರೆ. ಅಲ್ಲಿಗೆ 24,500. ಒಟ್ಟು ವರ್ಷಕ್ಕೆ 1,05,000. ಕಿಲೋಮೀಟರಿಗೆ 29 ರೂಪಾಯಿ ಬಿತ್ತು. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೊ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಮೀಟರ್ ಹಾಕಲು ಒಪ್ಪದವರಿಗೆ ಮೇಲೆ ಇಪ್ಪತ್ತೋ ಮೂವತ್ತೋ ಕೊಟ್ಟರೂ ನಮ್ಮ ಸ್ವಂತ ಕಾರಿಗಿಂತ ಆಟೊ ಅಗ್ಗ. ಈ ಸಂಖ್ಯೆ ನೋಡಿ ಯಜಮಾನರು ಕ್ಯಾಲ್ಕುಲೇಟರ್ ತಮ್ಮ ಕೈಗೆ ತೆಗೆದುಕೊಂಡು ಮತ್ತೆ ಕೂಡಿಸಿದರು.

ಕಾರು ಇರಲಿ, ಕಡಿಮೆ ಓಡಿಸೋಣ ಎಂಬ ರಾಜಿ ಸೂತ್ರವೂ ನಮ್ಮಲ್ಲಿ ಚರ್ಚೆಗೆ ಬಂತು. ಹಾಗೆ ಮಾಡಿದರೆ ಉಳಿಯುವುದು ಪೆಟ್ರೋಲ್ ಮಾತ್ರ. ಓಡಾಟವನ್ನು ಅರ್ಧಕ್ಕೆ ಇಳಿಸಿದರೂ ವರ್ಷಕ್ಕೆ ಹನ್ನೆರಡು ಸಾವಿರ ಉಳಿದೀತು. ಉಳಿದ ಎಂಬತ್ತು ಸಾವಿರ ಹಾಗೇ ಹೋಗುತ್ತಿರುತ್ತದೆ. ಹಾಗಾಗಿ ನನ್ನ ಪ್ರಕಾರ ಇಲ್ಲಿ ಇರುವುದು ಎರಡೇ ದಾರಿ: ಚೆನ್ನಾಗಿ ಬಳಸುವುದು, ಇಲ್ಲವೇ ಮಾರುವುದು.

ಆದರೆ ಹಾಳೆಯ ಮೇಲಿನ ಲೆಕ್ಕವನ್ನೇ ನಂಬಿ ಮಾರಲು ನಾನು ತಯಾರಿರಲಿಲ್ಲ. ಗೌರಿ ಹಬ್ಬ ಕಳೆದ ಮೇಲಿಂದ ಸಂಕ್ರಾಂತಿಯವರೆಗೆ ಕಾರು ಮುಟ್ಟಬಾರದು ಅಂತ ಒಪ್ಪಂದ ಮಾಡಿಕೊಂಡೆವು. ಹಿಂಗಾರಿನ ಮಳೆ, ದಸರೆಯ ಊರು, ಕಾರ್ತಿಕದ ಮದುವೆಗಳು, ಚಳಿ ಎಲ್ಲ ಆ ಅವಧಿಯಲ್ಲಿ ಬರುತ್ತವೆ. ಅನುಕೂಲದ ತಿಂಗಳಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಫ್ರಿಜ್ಜಿನ ಮೇಲೆ ಒಂದು ನೋಟುಬುಕ್ ಇಟ್ಟೆ. ಕಾರು ಇದ್ದಿದ್ದರೆ ಕಾರಿನಲ್ಲೇ ಹೋಗುತ್ತಿದ್ದ ಪ್ರತಿ ಓಡಾಟವನ್ನೂ ಅದರಲ್ಲಿ ಬರೆಯಬೇಕು: ಎಲ್ಲಿಗೆ, ಹೇಗೆ ಹೋದದ್ದು, ಎಷ್ಟಾಯಿತು. ನಾಲ್ಕನೆಯ ಕಾಲಂ ಒಂದನ್ನು ಸ್ಕೇಲಿಟ್ಟು ಎಳೆದು ಮೇಲೆ "ಯಾರಿಗೆ ಕಷ್ಟವಾಯಿತು" ಎಂದು ಬರೆದೆ. ಹಣದ ಪುಸ್ತಕದಲ್ಲಿ ಇಂಥ ಕಾಲಂ ಯಾಕೆ ಎಂದು ಮಗಳು ಕೇಳಿದಳು. ಮನೆಯಲ್ಲಿ ಉಳಿತಾಯ ಅಂತ ಕಾಣುವುದು ಬಹಳ ಸಲ ಯಾರದೋ ಒಬ್ಬರ ಕಾಲಿನ, ಬೆನ್ನಿನ ಖರ್ಚಿನಲ್ಲಿ ಆಗಿರುತ್ತದೆ, ಅದೂ ಕಾಣಬೇಕು ಎಂದೆ.

ಸುಮಾರು ಸಂಗತಿಗಳು ಸಲೀಸಾಗಿ ನಡೆದವು. ಮಗಳಿಗೆ ಮೆಟ್ರೊ ಮೊದಲಿನಿಂದಲೂ ರೂಢಿ. ನನ್ನ ಬಹುತೇಕ ಓಡಾಟ ಬಿಎಂಟಿಸಿ ಬಸ್ಸಿನಲ್ಲೇ ಆಗಿಹೋಯಿತು. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ಸಾಧಾರಣ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಏ.ಸಿ. ವಜ್ರ ಬಸ್ಸಿಗೆ ಮಾತ್ರ ಕೊಡಬೇಕು. ತಿಪಟೂರಿನ ಹತ್ತಿರದ ನಮ್ಮ ಊರಿನದು ದೊಡ್ಡ ಪ್ರಶ್ನೆಯಾದೀತು ಅಂದುಕೊಂಡಿದ್ದೆ. ಜನ ಹೋಗಿಬರುವುದು ಕಷ್ಟವಲ್ಲ, ಅರಸೀಕೆರೆ ಮಾರ್ಗದ ರೈಲುಗಳು ಬೇಕಾದಷ್ಟಿವೆ. ತೊಂದರೆ ತೆಂಗಿನಕಾಯಿಯದು. ಊರಿಗೆ ಹೋದಾಗಲೆಲ್ಲ ಡಿಕ್ಕಿ ತುಂಬ ಕಾಯಿ, ಮೇಲೊಂದು ಬಾಳೆಗೊನೆ, ಸಂದಿಯಲ್ಲಿ ಕರಿಬೇವಿನ ಕಟ್ಟು ಹೇರಿಕೊಂಡು ಬರುವುದು ವಾಡಿಕೆ. ಈ ಸಲ ಮೈದುನ ಕಾಯಿ ಸುಲಿಸಿ, ಜುಟ್ಟು ಮಾತ್ರ ಬಿಡಿಸಿ, ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದು ಬಸ್ಸಿನ ಪಾರ್ಸಲ್ಲಿಗೆ ಹಾಕಿದ. ಮೆಜೆಸ್ಟಿಕ್ಕಿನಿಂದ ಮನೆಗೆ ಆಟೊ ಸೇರಿ ಆದ ಖರ್ಚು ಊರಿಗೆ ಒಂದು ಸಲ ಕಾರಿನಲ್ಲಿ ಹೋಗಿಬರುವ ಪೆಟ್ರೋಲಿನ ಕಾಲು ಭಾಗವೂ ಇಲ್ಲ. ದಸರೆಗೆ ಎಲ್ಲರೂ ಒಟ್ಟಿಗೆ ಹೋಗಬೇಕಾದಾಗ ಡ್ರೈವರ್ ಸಮೇತ ಟ್ಯಾಕ್ಸಿ ಮಾಡಿದೆವು. ಯಜಮಾನರು ಹಿಂದಿನ ಸೀಟಿನಲ್ಲಿ ತಮ್ಮ ತಾಯಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡಿಕೊಂಡು ಹೋದದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಈ ಇಡೀ ಲೆಕ್ಕ ನಿಂತಿದ್ದು ಅವರ ಮೇಲೆ. ಅವರಿಗೆ ಎಪ್ಪತ್ತೈದು ದಾಟಿದೆ, ಎರಡೂ ಮಂಡಿ ಸವೆದಿವೆ. ಮಾವನವರಿಗೆ ಅಪರಾತ್ರಿ ಎದೆನೋವು ಬಂದಾಗ ಆಸ್ಪತ್ರೆಗೆ ಒಯ್ದದ್ದು ಪಕ್ಕದ ಮನೆಯವರ ವ್ಯಾನಿನಲ್ಲಿ. "ಸರಿರಾತ್ರೀಲಿ ಏನಾದ್ರೂ ಆದ್ರೆ ಯಾರ್ ಮನೆ ಬಾಗ್ಲು ಬಡೀತೀಯಮ್ಮ?" ಎಂದು ಅವರು ನನ್ನನ್ನು ಕೇಳಿದರು. ಆ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಇಲ್ಲ. ಆದರೂ ಹೇಳಬೇಕಾದದ್ದನ್ನು ಹೇಳಿದೆ: ಅಂಥ ಹೊತ್ತಿನಲ್ಲಿ ಮಗ ನಡುಗುವ ಕೈಯಲ್ಲಿ ಸ್ಟೇರಿಂಗ್ ಹಿಡಿದು ಓಡಿಸುವುದಕ್ಕಿಂತ ಆಂಬುಲೆನ್ಸ್ ಕರೆಯುವುದು ಮೇಲು. ರೋಗಿಗೆ ಆಮ್ಲಜನಕ, ಪಕ್ಕದಲ್ಲಿ ತರಬೇತಾದ ಒಬ್ಬರು, ಎರಡೂ ಅದರಲ್ಲಿವೆ. ಕರ್ನಾಟಕದಲ್ಲಿ ಉಚಿತ 108 ಸೇವೆ 2008ರ ನವೆಂಬರ್ 1ರಿಂದ ಇದೆ. ಅದರ ಜೊತೆಗೆ ಹತ್ತಿರದ ಆಸ್ಪತ್ರೆಯ ಸ್ವಂತ ಆಂಬುಲೆನ್ಸಿನ ನಂಬರು, ಮೇಲಿನ ಮಹಡಿಯಲ್ಲಿ ಕಾರಿರುವ ಸ್ನೇಹಿತರ ನಂಬರು ದೊಡ್ಡಕ್ಷರದಲ್ಲಿ ಬರೆದು ಅವರ ಮಂಚದ ಪಕ್ಕದ ಗೋಡೆಗೆ ಅಂಟಿಸಿದೆವು. ಭಯ ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು.

ಹಗಲಿನ ಓಡಾಟಕ್ಕೆ ಅವರಿಗೆ ಆಟೊ ಆಗುವುದಿಲ್ಲ, ಹತ್ತುವ ಮೆಟ್ಟಿಲು ಎತ್ತರ. ಹಾಗಾಗಿ ಫಿಸಿಯೊಥೆರಪಿಗೆ, ದೇವಸ್ಥಾನಕ್ಕೆ, ಜಯನಗರದ ನಾದಿನಿಯ ಮನೆಗೆ ಕ್ಯಾಬೇ, ಅದರ ದರ ನೋಡುವಂತಿಲ್ಲ ಅಂತ ನಿಯಮ ಮಾಡಿದ್ದೆವು. ಮೊದಲ ಕೆಲವು ವಾರ ಚೆನ್ನಾಗಿ ನಡೆಯಿತು. ದೀಪಾವಳಿಯ ಹೊತ್ತಿಗೆ ನೋಟುಬುಕ್ ತಿರುವಿದಾಗ ಒಂದು ಕಂಡಿತು. ಅತ್ತೆಯ ಹೆಸರಿನ ಸಾಲುಗಳು ತೆಳ್ಳಗಾಗುತ್ತ ಬಂದಿದ್ದವು. ಕಷ್ಟದ ಕಾಲಂನಲ್ಲಿ ಅವರದೇನೂ ಇಲ್ಲ, ಯಾಕೆಂದರೆ ಅವರು ಹೋಗಿಯೇ ಇರಲಿಲ್ಲ. ನೆವಗಳು ಸಣ್ಣಸಣ್ಣವು: ಬಿಸಿಲು, ಮೋಡ, ದೇವಸ್ಥಾನದಲ್ಲಿ ರಶ್ಶು, ನಾದಿನಿಗೆ ಪುರುಸೊತ್ತಿಲ್ಲ. ಒಂದು ಸಂಜೆ ಅವರ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತ ಕೇಳಿದೆ. "ಹೋಗೋಕೆ ನೂರೈವತ್ತು, ಬರೋಕೆ ಇನ್ನೂರು. ದೇವ್ರಿಗೆ ಹಾಕೋದು ಹತ್ತು ರೂಪಾಯಿ. ನನ್ ಮಗನ ದುಡ್ಡು ಹೀಗೆ ಹಾಳು ಮಾಡ್ಲಾ?" ಎಂದರು.

ಕಾರಿನಲ್ಲಿ ಅದೇ ದೇವಸ್ಥಾನಕ್ಕೆ ಹೋಗಿಬರುವ ಖರ್ಚು ಇದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಆ ಖರ್ಚು ವಿಮೆಯ ಚೆಕ್ಕಿನಲ್ಲಿ, ಸರ್ವಿಸ್ ಬಿಲ್ಲಿನಲ್ಲಿ, ಇಳಿಯುವ ಬೆಲೆಯಲ್ಲಿ ಹಂಚಿಹೋಗಿ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕ್ಯಾಬಿನಲ್ಲಿ ಪ್ರತಿ ಸಲವೂ ಕಣ್ಣೆದುರು ನೋಟು ಕೈ ಬದಲಾಗುತ್ತದೆ, ಅದೂ ತನಗಾಗಿ. ಸಂಪಾದನೆ ಇಲ್ಲದವರಿಗೆ, ಜೀವನವಿಡೀ ಕೇಳಿ ಪಡೆದೇ ಖರ್ಚು ಮಾಡಿದವರಿಗೆ ಇದು ಸಣ್ಣ ಮಾತಲ್ಲ. ಕಾರಿಲ್ಲದೆ ಮನೆ ನಡೆಯುತ್ತದೆಯೇ ಎಂದು ಕೇಳುವವರು ಕೇಳಬೇಕಾದದ್ದು ಇದನ್ನು: ಕಾರು ಹೋದ ಮೇಲೆ ಯಾರ ಓಡಾಟ ಸದ್ದಿಲ್ಲದೆ ನಿಲ್ಲುತ್ತದೆ?

ಅದಕ್ಕೆ ನಾವು ಮಾಡಿದ್ದು ಇಷ್ಟು. ನಿಂತ ಕಾರಿಗೆ ತಿಂಗಳಿಗೆ ಹೋಗುತ್ತಿದ್ದ 6,700ರಲ್ಲಿ 5,000 ರೂಪಾಯಿಯನ್ನು ಒಂದನೇ ತಾರೀಖು ನೂರು, ಇನ್ನೂರರ ನೋಟುಗಳಲ್ಲಿ ತಂದು ಅತ್ತೆಯ ಬಟುವೆಗೆ ಹಾಕುವುದು. ಆಫೀಸು, ಕಾಲೇಜಿನ ದಿನನಿತ್ಯದ ಓಡಾಟ ಬಿಟ್ಟು ಮನೆಯವರ ಎಲ್ಲ ಆಟೊ, ಕ್ಯಾಬು ಬಾಡಿಗೆ ಅದರಿಂದಲೇ. ನನಗೆ ಬೇಕಾದರೂ ಅವರನ್ನೇ ಕೇಳಬೇಕು, ಅವರ ಮಗನಿಗೆ ಬೇಕಾದರೂ ಅವರನ್ನೇ. ತಿಂಗಳ ಕೊನೆಗೆ ಉಳಿದರೆ ಅವರದು, ವಾಪಸು ಕೊಡುವಂತಿಲ್ಲ. ಕಾರ್ತಿಕ ಮಾಸದಲ್ಲಿ ಅವರು ಬನಶಂಕರಿ ಗುಡಿಗೂ ಬಸವನಗುಡಿಯ ದೊಡ್ಡ ಗಣೇಶನಿಗೂ ಹೋಗಿಬಂದರು, ಜೊತೆಗೆ ಪಕ್ಕದ ಮನೆಯ ಅಜ್ಜಿಯನ್ನೂ ಕರೆದುಕೊಂಡು. ಇದಕ್ಕೆ ಮೊದಲು ತಿಂಗಳಿಗೆ 4,300ರ ಹತ್ತಿರ ಇದ್ದ ಖರ್ಚು 5,000ಕ್ಕೆ ಏರಿತು. ಕಾರಿನ ತಿಂಗಳ ಖರ್ಚು 8,750ಕ್ಕೆ ಹೋಲಿಸಿದರೆ ಉಳಿತಾಯ 3,750. ಏರಿದ ಆ 700 ರೂಪಾಯಿ ನನ್ನ ಲೆಕ್ಕದಲ್ಲಿ ಅತಿ ಸಾರ್ಥಕವಾದ ಖರ್ಚು.

ಇದೇ ಹುರುಪಿನಲ್ಲಿ ಮಗಳ ಲ್ಯಾಪ್‌ಟಾಪನ್ನೂ ಈ ತಕ್ಕಡಿಯಲ್ಲಿ ಇಡೋಣ ಎಂದರು ಯಜಮಾನರು, ಎಲ್ಲ ಮೊಬೈಲಿನಲ್ಲೇ ಆಗುತ್ತದಲ್ಲ ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. ಕಂಪ್ಯೂಟರಿಗೆ ಕಡ್ಡಾಯ ವಿಮೆ ಇಲ್ಲ, ಸರ್ವಿಸ್ ಇಲ್ಲ, ಮಾರಿದರೆ ಬರುವ ಹಣವೂ ಇಲ್ಲ. ಅದು ಹೋದರೆ ಪ್ರಾಜೆಕ್ಟ್ ವರದಿಯನ್ನು ಆರಿಂಚಿನ ಪರದೆಯ ಮೇಲೆ ಹೆಬ್ಬೆರಳಿನಲ್ಲಿ ಟೈಪ್ ಮಾಡಬೇಕಾದವಳು ಅವಳು.

ಸಂಕ್ರಾಂತಿ ಕಳೆದು ಕಾರು ಮಾರಿದೆವು. ಮಾರುವವರು ಒಂದು ವಿಷಯದಲ್ಲಿ ಸಡಿಲ ಬಿಡಬಾರದು. ದುಡ್ಡು ಕೈಗೆ ಬಂದು ಕಾರು ಗೇಟು ದಾಟಿದ ಮಾತ್ರಕ್ಕೆ ಮಾರಾಟ ಮುಗಿಯುವುದಿಲ್ಲ. ಫಾರಂ 29, 30ಕ್ಕೆ ಸಹಿ ಹಾಕಿ, ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಬೀಳಬೇಕು. ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಫಾಸ್ಟ್ಯಾಗ್ ಮುಚ್ಚಿಸಿ. ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಕೇಳಿ ಪಡೆಯಿರಿ. ಆ ರಿಯಾಯಿತಿ ಕಾರಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ವರ್ಷವರ್ಷವೂ ಬೆಳೆದು ಶೇ 50ರವರೆಗೆ ಹೋಗುತ್ತದೆ, ಮೂರು ವರ್ಷದೊಳಗೆ ಇನ್ನೊಂದು ಕಾರು ಕೊಂಡರೆ ಅದಕ್ಕೆ ಬಳಸಬಹುದು. ನಮಗೆ ಆ ಪತ್ರ ಬೇಕಾದೀತು. ಅತ್ತೆಗೆ ಮಂಡಿ ಆಪರೇಷನ್ ಆಗಿ ವಾರವಾರ ಆಸ್ಪತ್ರೆ ಎಂದಾದರೆ, ಅಥವಾ ಯಜಮಾನರ ಕೆಲಸ ಮೆಟ್ರೊ ಇಲ್ಲದ ಕಡೆಗೆ ಬದಲಾದರೆ ಮತ್ತೆ ಕಾರು ಕೊಳ್ಳುತ್ತೇವೆ. ಮೆಟ್ರೊ, ಬಸ್ಸು ಎರಡೂ ದೂರವಿರುವ ಬಡಾವಣೆಯವರಿಗೆ, ಹಾಸಿಗೆ ಹಿಡಿದವರಿರುವ ಮನೆಗೆ ನಾನು ಮಾರಿ ಎನ್ನುವುದಿಲ್ಲ.

ಬಂದ ಮೂರು ಲಕ್ಷವನ್ನು ಅತ್ತೆಯ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಟ್ಟೆವು. ಹಿರಿಯ ನಾಗರಿಕರಿಗೆ ಸಾಮಾನ್ಯವಾಗಿ ಅರ್ಧ ಶೇಕಡ ಹೆಚ್ಚು ಬಡ್ಡಿ ಸಿಗುತ್ತದೆ. ಮಗ ತಾಯಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಅದರ ಬಡ್ಡಿಯನ್ನು ಮಗನ ಆದಾಯಕ್ಕೆ ಸೇರಿಸುವುದೂ ಇಲ್ಲ. ಹೆಂಡತಿಯ ಅಥವಾ ಸೊಸೆಯ ಹೆಸರಿನಲ್ಲಿ ಇಟ್ಟಿದ್ದರೆ ಕೊಟ್ಟವರ ಆದಾಯಕ್ಕೇ ಸೇರುತ್ತಿತ್ತು. ಹಿರಿಯ ನಾಗರಿಕರ ಠೇವಣಿ ಬಡ್ಡಿ ವರ್ಷಕ್ಕೆ ಒಂದು ಲಕ್ಷ ದಾಟುವವರೆಗೆ 2025ರ ಏಪ್ರಿಲ್‌ನಿಂದ ಬ್ಯಾಂಕಿನವರು ಟಿಡಿಎಸ್ ಕಡಿಯುವಂತಿಲ್ಲ. ಮೂರು ತಿಂಗಳಿಗೊಮ್ಮೆ ಬಡ್ಡಿ ಅವರ ಖಾತೆಗೆ ಬರುವಂತೆ ಅರ್ಜಿಯಲ್ಲಿ ಬರೆಸಿದ್ದೇವೆ. ಬಂದಾಗ ಅದೂ ಬಟುವೆಗೇ.