ನೀರ್ಗುದುರೆಯಿಂದ ಶುರುಮಾಡು, ಮಗಳೇ

ಗ್ರೀಕ್, ಲ್ಯಾಟಿನ್ ಮೂಲಪದಗಳ ಉದ್ದನೆಯ ಪಟ್ಟಿಯನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೀಯಂತೆ, ದಿನಕ್ಕೈದು ಬಾಯಿಪಾಠವಂತೆ. ನಿಮ್ಮಮ್ಮ ಹೇಳಿದಳು. ಉದ್ದೇಶ ಒಳ್ಳೆಯದೇ. ವಿಜ್ಞಾನದಲ್ಲಿ, ವೈದ್ಯದಲ್ಲಿ ಬರುವ ಇಂಗ್ಲಿಷಿನ ದೊಡ್ಡ ಪದಗಳು ಬಹುಮಟ್ಟಿಗೆ ಆ ಎರಡು ಭಾಷೆಗಳ ತುಂಡುಗಳನ್ನೇ ಜೋಡಿಸಿ ಕಟ್ಟಿದಂಥವು. ಆದರೂ ಈ ಮಾವನ ಮಾತು ಕೇಳು: ಪಟ್ಟಿಯನ್ನು ಕಿತ್ತು ನಿನ್ನ ಹತ್ತಿರ ಇಟ್ಟುಕೋ. ಮಗುವಿಗೆ ಅದು ಬೇಡ.

ಮಗುವಿನ ಬಾಯಲ್ಲಿ ಆಗಲೇ ಇರುವ ಪದ ಹಿಡಿ. ಮೈಸೂರಿನ ಮೃಗಾಲಯದಲ್ಲಿ ಹಿಪೊಪೊಟಮಸ್ ನೋಡಿದ್ದಾಳಲ್ಲ? ಗ್ರೀಕಿನಲ್ಲಿ ಹಿಪೋಸ್ ಎಂದರೆ ಕುದುರೆ, ಪೊಟಮೋಸ್ ಎಂದರೆ ನದಿ. ನಮ್ಮಲ್ಲೂ ಅದು ನೀರ್ಗುದುರೆಯೇ. (ನೀರಾನೆ ಅನ್ನುವವರೂ ಇದ್ದಾರೆ, ಆ ಗಾತ್ರಕ್ಕೆ ನನ್ನ ಮತ ಆನೆಗೇ.) ನೀರು, ಕುದುರೆ ಎಂದು ಬಿಡಿಸಬಲ್ಲ ಮಗುವಿಗೆ ಹಿಪೊಪೊಟಮಸ್ ಬಿಡಿಸುವುದು ಏನು ಕಷ್ಟ? ಮುಂದೆಂದೋ ಚರಿತ್ರೆಯ ಪಾಠದಲ್ಲಿ ಮೆಸಪೊಟೇಮಿಯ ಬಂದಾಗ ನೀನು ಸುಮ್ಮನಿರು. ಆ ಪೊಟಮೋಸ್ ಇಲ್ಲೂ ಇದೆ ಎಂದು ಅವಳೇ ಕಂಡುಕೊಳ್ಳಲಿ. ಮೆಸೋಸ್ ಎಂದರೆ ನಡು ಎಂದಷ್ಟೇ ಹೇಳು; ಟೈಗ್ರಿಸ್, ಯೂಫ್ರೆಟಿಸ್ ನದಿಗಳನ್ನು ನಕ್ಷೆಯಲ್ಲಿ ಅವಳೇ ಹುಡುಕುತ್ತಾಳೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ನೀನು ಒಂದು ಕೊರತೆ ಎಂದುಕೊಂಡಿದ್ದೀಯ. ಈ ವಿಷಯದಲ್ಲಿ ಅದೇ ನಿನ್ನ ಬಂಡವಾಳ. ಥರ್ಮಾಮೀಟರನ್ನು ಉಷ್ಣಮಾಪಕ ಎಂದು, ಮೈಕ್ರೋಸ್ಕೋಪನ್ನು ಸೂಕ್ಷ್ಮದರ್ಶಕ ಎಂದು ಕಲಿತವಳು ನೀನು. ಪದಕ್ಕೆ ಪದ ಕೂಡಿಸಿಯೇ ಮಾಡಿದವು ಅವು. ಫೋಟೋಸಿಂಥೆಸಿಸ್ ಎಂಬ ಮಾತಿಗೆ ಇಂಗ್ಲಿಷ್ ಶಾಲೆಯ ಮಕ್ಕಳು ತಡವರಿಸುವಾಗ ನಿನಗೆ ದ್ಯುತಿಸಂಶ್ಲೇಷಣೆ ನೆನಪಾಗುತ್ತದೆ: ಫೋಟೋ ಎಂದರೆ ದ್ಯುತಿ, ಬೆಳಕು, ಸಿನ್ ಎಂದರೆ ಸಂ, ಕೂಡಿ. ಎರಡನ್ನೂ ಒಟ್ಟಿಗೆ ಹೇಳು.

ಗೋಡೆಯ ಕ್ಯಾಲೆಂಡರನ್ನೂ ಬಿಡಬೇಡ. ಸೆಪ್ಟೆಮ್, ಆಕ್ಟೋ, ನೋವೆಮ್, ಡೆಕೆಮ್ ಎಂದು ಲ್ಯಾಟಿನ್ನಿನಲ್ಲಿ ಎಣಿಸಿ ತೋರಿಸು. ಸಪ್ತ, ಅಷ್ಟ, ನವ, ದಶ ಬಲ್ಲ ಮಗು ಕಣ್ಣರಳಿಸುತ್ತದೆ. ಹಾಗಾದರೆ ಒಂಬತ್ತನೇ ತಿಂಗಳಿಗೆ ಏಳರ ಹೆಸರೇಕೆ ಎಂದು ತಕರಾರೂ ತೆಗೆಯುತ್ತದೆ. ರೋಮನ್ನರ ಹಳೆಯ ವರ್ಷ ಮಾರ್ಚಿನಲ್ಲಿ ಶುರುವಾಗುತ್ತಿತ್ತು ಎಂದು ಆಗ ಹೇಳು. ಆದರೆ ಲ್ಯಾಟಿನ್ ಹುಟ್ಟಿದ್ದೇ ಸಂಸ್ಕೃತದಿಂದ ಎನ್ನುವ ವಾಟ್ಸಾಪ್ ಪಾಂಡಿತ್ಯ ಮಾತ್ರ ಬೇಡ. ಇವೆರಡೂ ಗ್ರೀಕೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದು ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದರು. ನಮ್ಮ ಏಳು, ಎಂಟು, ಒಂಬತ್ತು, ಹತ್ತರ ಮನೆತನವೇ ಬೇರೆ ಎಂಬುದನ್ನೂ ತಿಳಿಸು.

ಇನ್ನು ಒಂದು ಎಚ್ಚರಿಕೆ. ಕಣ್ಣಳತೆಯಲ್ಲಿ ಪದ ಮುರಿಯಬೇಡ. ಹೆಲಿಕಾಪ್ಟರನ್ನು ಹೆಲಿ, ಕಾಪ್ಟರ್ ಎಂದು ಎಲ್ಲರೂ ಮುರಿಯುತ್ತಾರೆ. ನಿಜಕ್ಕೂ ಅದು ಹೆಲಿಕ್ಸ್, ಅಂದರೆ ಸುರುಳಿ, ಮತ್ತು ಪ್ಟೆರಾನ್, ಅಂದರೆ ರೆಕ್ಕೆ. ಟೆರೊಡ್ಯಾಕ್ಟಿಲ್ ಎಂಬ ಹಾರುವ ಪ್ರಾಣಿಯ ಹೆಸರಿನ ಮೊದಲಲ್ಲಿ ಬಾಯಿ ಮುಚ್ಚಿ ಕೂತಿರುವ ಪಿ ಅಕ್ಷರ ಅದೇ ರೆಕ್ಕೆಯದು. ಪೆಡಲ್‌ನಲ್ಲಿರುವುದು ಲ್ಯಾಟಿನ್ನಿನ ಪಾದ. ಪೀಡಿಯಾಟ್ರಿಶಿಯನ್‌ನಲ್ಲಿರುವುದು ಗ್ರೀಕಿನ ಮಗು. ಮಕ್ಕಳ ಡಾಕ್ಟರನ್ನು ಕಾಲಿನ ಡಾಕ್ಟರ್ ಮಾಡಿಬಿಟ್ಟೀಯ! ಅನುಮಾನ ಬಂದರೆ ಪದಮೂಲ ಕೊಡುವ ನಿಘಂಟನ್ನು ಅವಳ ಎದುರೇ ತೆಗೆದು ನೋಡು.

ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ ಮಕ್ಕಳು ಪದದ ಮೂಲಭಾಷೆ ಕೇಳುವುದನ್ನು ನೋಡಿರುತ್ತೀಯ. ಸುಮ್ಮನೆ ಕೇಳುವುದಲ್ಲ: ಗ್ರೀಕ್ ಎಂದು ಗೊತ್ತಾದರೆ ಫ ಶಬ್ದಕ್ಕೆ ಸಾಮಾನ್ಯವಾಗಿ ಪಿ, ಎಚ್ ಎರಡನ್ನೂ ಬರೆಯಬೇಕು. 1999ರಲ್ಲಿ ಭಾರತೀಯ ಮೂಲದ ನೂಪುರ್ ಲಾಲಾ ಗೆದ್ದದ್ದು ಲಾಗೊರಿಯ ಎಂಬ ಪದ ಬರೆದು. ಲೋಗೋಸ್ ಎಂದರೆ ಮಾತು. ಬಾಲದಲ್ಲಿರುವುದು ಡಯೇರಿಯದ ಹರಿವೇ. ಮಾತಿನ ಭೇದಿ ಎನ್ನು, ನಿನ್ನ ಮಗಳು ನಕ್ಕೂ ನಕ್ಕೂ ಆ ಸ್ಪೆಲ್ಲಿಂಗನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಪ್ರಶಸ್ತಿಯ ಆಸೆ ಹಚ್ಚಬೇಡ. ಪರೀಕ್ಷೆಯನ್ನೂ ಇಡಬೇಡ.

ಅವಳಿಗೆ ಹತ್ತಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಊಟದ ಹೊತ್ತಿಗೆ ಕಾದು ನೋಡು. ತನಗೆ ಹಾಗಲಕಾಯಿಫೋಬಿಯ ಇದೆ ಎಂದು ತಟ್ಟೆ ತಳ್ಳಿದರೆ ಬೈಯಬೇಡ, ಗ್ರೀಕನ್ನು ಸರಿಯಾಗಿಯೇ ಬಳಸಿದ್ದಾಳೆ. ಪಲ್ಯ ಮಾತ್ರ ತಿನ್ನಿಸು.