ಗೂಡಿನ ಬೆಲೆ ಯಾರ ಕೈಲಿದೆ?

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹೆಂಗಸರಿಗೆ ನಿದ್ದೆ ಕಡಿಮೆ. ಚಾಕಿ ಹುಳುವಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳು ಬೆಳೆದ ಹಾಗೆ ಸೊಪ್ಪು ಹೆಚ್ಚು ಬೇಕು. ನಾಲ್ಕು ಜ್ವರ ದಾಟಿಸಬೇಕು. ಹಿಕ್ಕೆ ತೆಗೆಯಬೇಕು. ಊಜಿ ನೊಣ ಬರದ ಹಾಗೆ ಪರದೆ ಕಟ್ಟಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು.

ಸುಮಾರು ಒಂದು ತಿಂಗಳು ಹೀಗೆ ದುಡಿದ ಮೇಲೆ ಗೂಡು ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಹರಾಜು ಬೇಗ ಮುಗಿದುಹೋಗುತ್ತೆ. ಕೈಗೆ ಒಂದು ಚೀಟಿ ಬರುತ್ತೆ. ಒಂದು ತಿಂಗಳ ದುಡಿಮೆಯ ಬೆಲೆ ಆ ಚೀಟಿಯಲ್ಲಿರುತ್ತೆ.

ಗೂಡು ಕೆಟ್ಟಿದ್ದರೆ ಬೆಲೆ ಕಡಿಮೆ ಸಿಗುತ್ತೆ. ಅದು ಸರಿ. ಗೂಡು ಚೆನ್ನಾಗಿದ್ದರೂ ಬೆಲೆ ಬಿದ್ದರೆ? ಆಗ "ನಮ್ಮ ಹಣೆಬರಹ" ಅಂತ ಸುಮ್ಮನಾಗುತ್ತೇವೆ. ಆದರೆ ಕಾರಣ ಹಣೆಯಲ್ಲಿ ಬರೆದಿಲ್ಲ. ಅನೇಕ ಸಲ ಅದು ದೂರದ ದೆಹಲಿಯಲ್ಲಿ, ಸರ್ಕಾರದ ಕಾಗದದಲ್ಲಿ ಬರೆದಿರುತ್ತದೆ. ಅದನ್ನು ನಾವು ಓದಬಹುದು. ಈ ಪಾಠದಲ್ಲಿ ಅದನ್ನೇ ತಿಳಿಯೋಣ.

ಗೂಡಿನಿಂದ ಸೀರೆಯವರೆಗೆ

ಭಾರತದಲ್ಲಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮ ಕರ್ನಾಟಕ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲ ಇವು ರೇಷ್ಮೆಗೆ ಹೆಸರಾದ ಊರುಗಳು. ರಾಮನಗರದ ಗೂಡಿನ ಮಾರುಕಟ್ಟೆ ಬಹಳ ದೊಡ್ಡದು. ಗೂಡಿನ ವ್ಯಾಪಾರದಲ್ಲಿ ಮೋಸ ತಡೆಯಲು 1959ರಲ್ಲೇ ಕಾಯ್ದೆ ಬಂತು.

ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು ಕೊಳ್ಳುವವರು ರೀಲರುಗಳು. ಅವರು ಗೂಡನ್ನು ಬೇಯಿಸಿ ನೂಲು ಬಿಚ್ಚುತ್ತಾರೆ. ಸುಮಾರು 7 ಕೆ.ಜಿ. ಗೂಡಿನಿಂದ 1 ಕೆ.ಜಿ. ನೂಲು ಬರುತ್ತದೆ. ಆ ನೂಲನ್ನು ನೇಕಾರರು ಕೊಳ್ಳುತ್ತಾರೆ. ದೊಡ್ಡಬಳ್ಳಾಪುರ, ಮೊಳಕಾಲ್ಮೂರು, ಕಂಚಿ, ಧರ್ಮಾವರ, ಬನಾರಸ್ ಹೀಗೆ ಅನೇಕ ಊರುಗಳಲ್ಲಿ ಅದರಿಂದ ಸೀರೆ ನೇಯುತ್ತಾರೆ.

ರೇಷ್ಮೆ ಬೆಳೆಯುವುದರಲ್ಲಿ ಇಡೀ ಲೋಕಕ್ಕೆ ಚೀನಾ ದೇಶ ಮೊದಲು. ನಮ್ಮ ದೇಶ ಎರಡನೆಯದು. ಚೀನಾದ ನೂಲು ನಮ್ಮ ದೇಶಕ್ಕೂ ಬರುತ್ತದೆ. ನೇಕಾರರ ಮುಂದೆ ಎರಡು ನೂಲು ಇರುತ್ತವೆ. ಒಂದು ನಮ್ಮದು, ಇನ್ನೊಂದು ಚೀನಾದ್ದು. ಚೀನಾ ನೂಲು ಅಗ್ಗವಾದರೆ ನಮ್ಮ ನೂಲಿನ ಬೆಲೆ ಇಳಿಯುತ್ತೆ. ನೂಲಿನ ಬೆಲೆ ಇಳಿದರೆ ರೀಲರು ಗೂಡಿಗೆ ಕಡಿಮೆ ಕೂಗುತ್ತಾನೆ.

ಸುಂಕ ಎಂದರೇನು?

ಹಿಂದಿನ ಕಾಲದಲ್ಲಿ ಸುಂಕದ ಕಟ್ಟೆ ಇರುತ್ತಿತ್ತು. ಸಂತೆಗೆ ಸರಕು ತರುವವರು ಅಲ್ಲಿ ಹಣ ಕಟ್ಟಿ ಮುಂದೆ ಹೋಗಬೇಕಿತ್ತು. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆ ನಿಮಗೆ ಗೊತ್ತೇ ಇದೆ.

ಈಗ ಅಂಥ ಕಟ್ಟೆ ಊರಿನ ಬಾಗಿಲಲ್ಲಿ ಇಲ್ಲ. ದೇಶದ ಬಾಗಿಲಲ್ಲಿ, ಅಂದರೆ ಬಂದರುಗಳಲ್ಲಿ ಇದೆ. ಬೇರೆ ದೇಶದಿಂದ ಸರಕು ತರುವ ವ್ಯಾಪಾರಿ ಅಲ್ಲಿ ಹಣ ಕಟ್ಟಬೇಕು. ಇದಕ್ಕೆ ಆಮದು ಸುಂಕ ಎನ್ನುತ್ತಾರೆ. ಎಷ್ಟು ಸುಂಕ ಎಂದು ಗೊತ್ತು ಮಾಡುವುದು ಕೇಂದ್ರ ಸರ್ಕಾರ. ರಾಜ್ಯ ಸರ್ಕಾರ ಅದನ್ನು ಬದಲಿಸಲು ಆಗುವುದಿಲ್ಲ. ಕೇಳಿಕೊಳ್ಳಬಹುದು, ಅಷ್ಟೇ.

ಸುಂಕದಿಂದ ಎರಡು ಕೆಲಸ ಆಗುತ್ತದೆ. ಸರ್ಕಾರಕ್ಕೆ ಹಣ ಬರುತ್ತೆ. ಹೊರಗಿನ ಸರಕು ಇಲ್ಲಿ ತೀರಾ ಅಗ್ಗವಾಗದ ಹಾಗೆ ತಡೆಯಾಗುತ್ತೆ.

ಒಂದು ಲೆಕ್ಕ ಮಾಡೋಣ

ಸುಲಭವಾಗಲಿ ಎಂದು ಚೀನಾ ನೂಲಿನ ಬೆಲೆ ಕೆ.ಜಿ.ಗೆ 1000 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಸುಂಕ ನೂರಕ್ಕೆ 30 ಇದ್ದರೆ: 1000 + 300 = 1300 ರೂಪಾಯಿ.
ಸುಂಕ ನೂರಕ್ಕೆ 5 ಇದ್ದರೆ: 1000 + 50 = 1050 ರೂಪಾಯಿ.

ವ್ಯತ್ಯಾಸ 250 ರೂಪಾಯಿ. ಇದು 1 ಕೆ.ಜಿ. ನೂಲಿಗೆ. 1 ಕೆ.ಜಿ. ನೂಲಿಗೆ 7 ಕೆ.ಜಿ. ಗೂಡು ಬೇಕು. 250ನ್ನು 7ರಿಂದ ಭಾಗಿಸಿ. ಸುಮಾರು 35 ರೂಪಾಯಿ ಬರುತ್ತದೆ. ನಮ್ಮ ನೂಲೂ ಅಷ್ಟೇ ಇಳಿದರೆ ಪ್ರತಿ ಕೆ.ಜಿ. ಗೂಡಿಗೆ 35 ರೂಪಾಯಿ ಹೋಯಿತು.

ಒಂದು ಬೆಳೆಗೆ 60 ಕೆ.ಜಿ. ಗೂಡು ಆಯಿತು ಅನ್ನಿ. 60 × 35 = 2100 ರೂಪಾಯಿ. ವರ್ಷಕ್ಕೆ ಐದು ಬೆಳೆ ತೆಗೆದರೆ 10,500 ರೂಪಾಯಿ. ಹುಳು ಅಷ್ಟೇ. ಸೊಪ್ಪು ಅಷ್ಟೇ. ನಮ್ಮ ಬೆವರೂ ಅಷ್ಟೇ. ಆದರೂ ಇಷ್ಟು ಹಣ ಕಡಿಮೆ.

ನಿಜವಾದ ಮಾರುಕಟ್ಟೆಯಲ್ಲಿ ಬೆಲೆ ಹೀಗೆ ಲೆಕ್ಕ ಹಾಕಿದಷ್ಟೇ ಇಳಿಯುವುದಿಲ್ಲ. ಮಳೆ, ಹಬ್ಬ, ಮದುವೆಯ ಕಾಲ, ಗೂಡಿನ ಗುಣ ಎಲ್ಲವೂ ಸೇರುತ್ತವೆ. ಆದರೆ ಸುಂಕದ ಪೆಟ್ಟು ಯಾವ ದಾರಿಯಲ್ಲಿ ನಮ್ಮ ಮನೆಗೆ ಬರುತ್ತದೆ ಎಂದು ಈ ಲೆಕ್ಕ ತೋರಿಸುತ್ತದೆ.

2011ರಲ್ಲಿ ನಡೆದದ್ದು

ಮೇಲಿನ ಲೆಕ್ಕದಲ್ಲಿ 30 ಮತ್ತು 5 ಎಂಬ ಅಂಕಿಗಳು ಸುಮ್ಮನೆ ಬಂದದ್ದಲ್ಲ. 2011ರ ಫೆಬ್ರವರಿಯಲ್ಲಿ ಕೇಂದ್ರ ಬಜೆಟ್ ಮಂಡನೆಯಾಯಿತು. ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿಯಿತು. ನೇಕಾರರಿಗೆ ನೂಲು ಅಗ್ಗವಾಗಿ ಸಿಗಲಿ ಎಂಬುದು ಉದ್ದೇಶ.

ಆ ವರ್ಷ ಗೂಡಿನ ಬೆಲೆ ಕುಸಿಯಿತು. ರಾಮನಗರದ ಕಡೆ ರೈತರು ಬೀದಿಗೆ ಇಳಿದರು. ಕೆಲವರು ಹಿಪ್ಪುನೇರಳೆ ತೋಟವನ್ನೇ ಕಿತ್ತರು. 2013ರ ಜನವರಿಯಲ್ಲಿ ಸುಂಕವನ್ನು 5ರಿಂದ 15ಕ್ಕೆ ಏರಿಸಿದರು. ನಡುವೆ ಅದು 10ಕ್ಕೆ ಇಳಿದಿತ್ತು. 2021ರ ಬಜೆಟ್‌ನಲ್ಲಿ ಮತ್ತೆ 15 ಆಯಿತು.

ಇಲ್ಲಿ ಒಂದು ಮಾತು ಗಮನಿಸಿ. ಸುಂಕವನ್ನು ಒಂದೇ ದಿನದಲ್ಲಿ ಇಳಿಸಬಹುದು, ಒಂದೇ ದಿನದಲ್ಲಿ ಏರಿಸಬಹುದು. ಆದರೆ ಕಿತ್ತ ತೋಟ ಒಂದೇ ದಿನದಲ್ಲಿ ಚಿಗುರುವುದಿಲ್ಲ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಸೊಪ್ಪು ಕೊಡುವ ಗಿಡ ಅದು. ಸುಮಾರು ಎರಡು ವರ್ಷ ಸುಂಕ ಕಡಿಮೆ ಇತ್ತು. ಎರಡು ವರ್ಷ ಎಂದರೆ ಹತ್ತು ಬೆಳೆ. ಸಾಲ ಮಾಡಿದ ಮನೆ ಹತ್ತು ಬೆಳೆ ಕಾಯಲು ಆಗುತ್ತದೆಯೇ? ಮಗಳ ಓದು ನಿಲ್ಲುವುದು ಇಂಥ ಹೊತ್ತಿನಲ್ಲೇ. ಓಲೆ, ಸರ ಗಿರವಿಗೆ ಹೋಗುವುದೂ ಇಂಥ ಹೊತ್ತಿನಲ್ಲೇ.

ನೇಕಾರರ ಮಾತೂ ಕೇಳಬೇಕು

ಹಾಗಾದರೆ ಸುಂಕವನ್ನು ಬಹಳ ಏರಿಸಿದರೆ ಆಯಿತಲ್ಲ ಅನ್ನಬಹುದು. ಆದರೆ ಮಗ್ಗದ ಮನೆಯಲ್ಲೂ ನಮ್ಮಂಥ ಹೆಂಗಸರಿದ್ದಾರೆ. ನೂಲು ತುಟ್ಟಿಯಾದರೆ ಸೀರೆ ತುಟ್ಟಿ. ಸೀರೆ ತುಟ್ಟಿಯಾದರೆ ಕೊಳ್ಳುವವರು ಕಡಿಮೆ. ಆಗ ಮಗ್ಗ ನಿಲ್ಲುತ್ತೆ. ಮಗ್ಗ ನಿಂತರೆ ನಮ್ಮ ನೂಲನ್ನೂ ಕೊಳ್ಳುವವರಿಲ್ಲ.

ಇನ್ನೊಂದು ವಿಷಯ. ನೇಕಾರರು ಚೀನಾ ನೂಲು ಕೇಳುವುದು ಬೆಲೆಗೆ ಮಾತ್ರ ಅಲ್ಲ. ಆ ನೂಲು ಉದ್ದಕ್ಕೂ ಒಂದೇ ಸಮ ಇರುತ್ತೆ. ವಿದ್ಯುತ್ ಮಗ್ಗದಲ್ಲಿ ಬೇಗ ಹರಿಯುವುದಿಲ್ಲ. ನಮ್ಮಲ್ಲಿ ದ್ವಿತಳಿ ಗೂಡಿನಿಂದ ಅಂಥ ಒಳ್ಳೆಯ ನೂಲು ಬರುತ್ತದೆ. ಆದರೆ ದ್ವಿತಳಿ ಹುಳು ನಾಜೂಕು. ಶುಚಿಯಾದ ಬೇರೆ ಮನೆ ಬೇಕು. ಹದವಾದ ಶಾಖ, ತೇವ, ಒಳ್ಳೆಯ ಸೊಪ್ಪು ಬೇಕು. ಇದಕ್ಕೆಲ್ಲ ಹಣ ಬೇಕು. ಸರ್ಕಾರದ ನೆರವು ಬೇಕಾಗುವುದು ಇಲ್ಲಿ.

ಬೇಲಿ ಮತ್ತು ಗೊಬ್ಬರ

ಒಂದು ಮನೆಯ ಅತ್ತೆ ಸೊಸೆ ಹೀಗೆ ಮಾತಾಡಿಕೊಂಡರು.

ಸೊಸೆ: ಅತ್ತೆ, ಹುಳದ ಮನೆ ಕಟ್ಟೋಕೆ ಸರ್ಕಾರದೋರು ಸಹಾಯಧನ ಕೊಟ್ರಲ್ಲ. ಗೂಡಿನ ಬೆಲೆ ಬಿದ್ರೆ ಅದರಲ್ಲಿ ಸರಿಹೋಗಲ್ವಾ?

ಅತ್ತೆ: ಅದು ಒಂದು ಸಲ ಬಂದದ್ದು ಕಣವ್ವ. ಗೂಡು ನಾವು ವರ್ಷಕ್ಕೆ ಐದು ಸಲ ಮಾರ್ತೀವಿ.

ಸೊಸೆ: ಹಂಗಾದ್ರೆ ಸಹಾಯಧನದಿಂದ ಉಪಯೋಗ ಇಲ್ವಾ?

ಅತ್ತೆ: ಇಲ್ಲ ಅಂತ ಯಾರಂದ್ರು? ಮೊದಲು ನಾವು ಮಲಗೋ ಕೋಣೇಲೇ ತಟ್ಟೆ ಇಟ್ಕೊಂಡು ಸಾಕ್ತಿದ್ವಿ. ರೋಗ ಬಂದು ಅರ್ಧ ಹುಳ ತಿಪ್ಪೆಗೆ ಹೋಗ್ತಿತ್ತು. ಬೇರೆ ಮನೆ ಆದ್ಮೇಲೆ ಬೆಳೆ ಕೈಗೆ ಹತ್ತಿತು.

ಸೊಸೆ: ಅಂದ್ರೆ ಸುಂಕ ಬೇಲಿ ಇದ್ದಂಗೆ. ಸಹಾಯಧನ ಗೊಬ್ಬರ ಇದ್ದಂಗೆ.

ಅತ್ತೆ: ಸರಿಯಾಗಿ ಹೇಳ್ದೆ. ಬೇಲಿ ಇಲ್ದಿರೋ ಹೊಲಕ್ಕೆ ಎಷ್ಟು ಗೊಬ್ಬರ ಹಾಕಿದ್ರೂ ದನ ಮೇಯ್ಕೊಂಡು ಹೋಗ್ತವೆ. ಬರೀ ಬೇಲಿ ಹಾಕಿ ಗೊಬ್ಬರ ಹಾಕದಿದ್ರೆ ಬೆಳೆ ಸೊರಗುತ್ತೆ. ಎರಡೂ ಬೇಕು.

ನೆರವು ಯಾವ ಯಾವ ರೀತಿ ಬರುತ್ತದೆ?

1. ಹುಳು ಸಾಕುವ ಮನೆ, ಸಲಕರಣೆ, ಹನಿ ನೀರಾವರಿಗೆ ಸಹಾಯಧನ. ಇದನ್ನು ರೇಷ್ಮೆ ಇಲಾಖೆ ನೋಡಿಕೊಳ್ಳುತ್ತದೆ. ಕೇಂದ್ರ ರೇಷ್ಮೆ ಮಂಡಳಿಯ ಯೋಜನೆಗಳ ಹಣವೂ ಇದರಲ್ಲಿ ಸೇರುತ್ತದೆ. ಅನೇಕ ವೇಳೆ ಮೊದಲು ನಾವು ಖರ್ಚು ಮಾಡಬೇಕು, ಆಮೇಲೆ ಹಣ ಬರುತ್ತದೆ.

2. ನೂಲು ಖರೀದಿ. ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ 1979ರಲ್ಲಿ ಆರಂಭವಾಯಿತು. ನೂಲಿನ ಬೆಲೆ ತೀರಾ ಇಳಿದಾಗ ಮಂಡಳಿ ರೀಲರುಗಳಿಂದ ನೂಲು ಕೊಂಡರೆ ಗೂಡಿನ ಬೆಲೆಯೂ ಪೂರಾ ಬೀಳದೆ ನಿಲ್ಲುತ್ತೆ.

3. ಹೆಚ್ಚುವರಿ ಸುಂಕ. ಹೊರಗಿನ ಸರಕನ್ನು ತೀರಾ ಅಗ್ಗದ ಬೆಲೆಗೆ ತಂದು ಸುರಿದರೆ ಮಾಮೂಲಿ ಸುಂಕದ ಮೇಲೆ ಇನ್ನೊಂದು ಸುಂಕ ಹಾಕುತ್ತಾರೆ. ಚೀನಾದ ಕಚ್ಚಾ ರೇಷ್ಮೆಗೆ 2003ರಲ್ಲಿ ಹೀಗೆ ಹಾಕಿದ್ದರು.

ನೆರವು ಯಾರ ಹೆಸರಿಗೆ?

ಸಹಾಯಧನದ ಅರ್ಜಿಗೆ ಜಮೀನಿನ ಪಹಣಿ ಬೇಕು. ಹಣ ಬರಲು ಬ್ಯಾಂಕ್ ಪುಸ್ತಕ ಬೇಕು. ಹುಳು ಸಾಕುವ ಕೆಲಸದಲ್ಲಿ ಹೆಚ್ಚಿನ ಪಾಲು ಹೆಂಗಸರದು. ಆದರೆ ಪಹಣಿಯಲ್ಲಿ ಹೆಸರು ಸಾಮಾನ್ಯವಾಗಿ ಗಂಡಸರದು. ಆದ್ದರಿಂದ ದುಡಿದವಳ ಕಣ್ಣಿಗೆ ಚೀಟಿಯೂ ಬೀಳುವುದಿಲ್ಲ, ಹಣವೂ ಬೀಳುವುದಿಲ್ಲ.

ಓದು ಕಲಿತ ನಾವು ಈಗ ಕೆಲವು ಕೆಲಸ ಮಾಡಬಹುದು.

ಗೂಡು ಮಾರಿದ ದಿನ ಚೀಟಿ ಕೇಳಿ ನೋಡಿ. ತೂಕ, ದರ, ಒಟ್ಟು ಹಣ ಓದಿ. ಒಂದು ನೋಟು ಪುಸ್ತಕದಲ್ಲಿ ಪ್ರತಿ ಬೆಳೆಯ ಖರ್ಚು ಮತ್ತು ದರ ಬರೆದಿಡಿ. ಮನೆಯ ಪಹಣಿ ತೆಗೆಸಿ, ಯಾರ ಹೆಸರಿದೆ ನೋಡಿ. ರೇಷ್ಮೆ ಇಲಾಖೆಗೆ ಒಬ್ಬರೇ ಹೋಗಲು ಅಂಜಿಕೆ ಆದರೆ ಸಂಘದ ಅಕ್ಕಂದಿರು ಜೊತೆಗೆ ಹೋಗಿ. ಪ್ರತಿ ವರ್ಷ ಬಜೆಟ್ ಬಂದ ಮಾರನೆಯ ದಿನ ಪೇಪರಿನಲ್ಲಿ "ಕಚ್ಚಾ ರೇಷ್ಮೆ" ಎಂಬ ಮಾತು ಹುಡುಕಿ ಓದಿ.

ಬೆಲೆ ಏಕೆ ಬಿತ್ತು ಎಂದು ಗೊತ್ತಿದ್ದರೆ ಯಾರನ್ನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ. ಗೂಡಿನ ತೂಕದಲ್ಲಿ ಮೋಸವಾದರೆ ಮಾರುಕಟ್ಟೆ ಅಧಿಕಾರಿಯನ್ನು ಕೇಳಬೇಕು. ಸಹಾಯಧನ ಬರದಿದ್ದರೆ ರೇಷ್ಮೆ ಇಲಾಖೆಯನ್ನು ಕೇಳಬೇಕು. ಸುಂಕದಿಂದ ಬೆಲೆ ಬಿದ್ದರೆ ಓಟು ಕೇಳಲು ಬರುವ ಸಂಸದರನ್ನು ಕೇಳಬೇಕು. ಒಬ್ಬರು ಕೇಳಿದರೆ ಅದು ದೂರು. ಊರಿನ ಹೆಂಗಸರೆಲ್ಲ ಸೇರಿ, ಲೆಕ್ಕ ಬರೆದು, ಸಹಿ ಹಾಕಿ ಕೇಳಿದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತೆ.

ಅಭ್ಯಾಸ

1. ಆಮದು ಸುಂಕ ಎಂದರೇನು? ಅದನ್ನು ಯಾವ ಸರ್ಕಾರ ಗೊತ್ತು ಮಾಡುತ್ತದೆ?

2. ಲೆಕ್ಕ ಮಾಡಿ: ನೂಲಿನ ಬೆಲೆ 2000 ರೂಪಾಯಿ. ಸುಂಕ ನೂರಕ್ಕೆ 15. ಸುಂಕ ಎಷ್ಟು? ಒಟ್ಟು ಬೆಲೆ ಎಷ್ಟು?

3. ಚರ್ಚಿಸಿ: ಸುಂಕ ಏರಿದರೆ ಯಾರಿಗೆ ಲಾಭ? ಯಾರಿಗೆ ಕಷ್ಟ? ರೈತ ಮಹಿಳೆ ಮತ್ತು ನೇಕಾರ ಮಹಿಳೆ ಇಬ್ಬರಿಗೂ ಒಳ್ಳೆಯದಾಗಲು ಏನು ಮಾಡಬೇಕು?

4. ನಿಮ್ಮ ಮನೆಯ ಕೊನೆಯ ಬೆಳೆಯ ಖರ್ಚು, ಬಂದ ಹಣ ಬರೆಯಿರಿ. ನಿಮ್ಮ ದುಡಿಮೆಯ ಕೂಲಿಯನ್ನೂ ಖರ್ಚಿನಲ್ಲಿ ಸೇರಿಸಿ.